ಅವತ್ತು ಬರೆದ ಎರಡು ಹಾಳೆ

ಧಾರವಾಡದಲ್ಲಿ ನಾನು ಹನ್ನೊಂದು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವಳು. ದೇಶ ಬಿಟ್ಟು ಸ್ಕಾರ್‌ಬರೋಗೆ ಬಂದ ಮೇಲೆ ನನಗೆ ಸಿಕ್ಕ ಕೆಲಸ, ಮಗ ಓದುತ್ತಿದ್ದ ಶಾಲೆಯಲ್ಲಿ ಮಕ್ಕಳು ಊಟ ಮಾಡುವಾಗ ಕಾಯುವುದು. ಲಂಚ್ ರೂಮ್ ಸೂಪರ್‌ವೈಸರ್ ಎಂದು ಅದಕ್ಕೆ ಹೆಸರು. ದಿನಕ್ಕೆ ಒಂದೂವರೆ ತಾಸು. ಜ್ಯೂಸಿನ ಡಬ್ಬಿಗೆ ಸ್ಟ್ರಾ ಚುಚ್ಚಿಕೊಡುವುದು, ಚೆಲ್ಲಿದ ಹಾಲು ಒರೆಸುವುದು, ಕೆಲವು ಮಕ್ಕಳಿಗೆ ಅಲರ್ಜಿಯೆಂದು ಶಾಲೆಗೆ ತರಬಾರದ ಶೇಂಗಾ ಯಾರಾದರೂ ತಂದಿದ್ದಾರೋ ಎಂದು ಡಬ್ಬಿಯಲ್ಲಿ ಇಣುಕುವುದು. ಶೇಂಗಾ ಹಿಂಡಿ ಇಲ್ಲದೆ ತುತ್ತು ಇಳಿಯದ ನಾನು ಶೇಂಗಾ ಹಿಡಿಯುವ ಪೊಲೀಸಳಾದೆ. ಊರಿಗೆ ಫೋನ್ ಮಾಡಿದಾಗ "ಸಾಲ್ಯಾಗ ಕೆಲಸ" ಎಂದಷ್ಟೇ ಹೇಳುತ್ತಿದ್ದೆ. ಸುಳ್ಳೇನೂ ಅಲ್ಲವಲ್ಲ.

ನಮ್ಮದು ಏಳನೇ ಮಹಡಿಯ ಅಪಾರ್ಟ್‌ಮೆಂಟು. ಎದುರು ಬಾಗಿಲಲ್ಲಿ ಒಬ್ಬ ತಾಯಿ, ಒಬ್ಬ ಮಗ. ತಾಯಿ ಘಾನಾದಿಂದ ಬಂದವರು, ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸ, ವಾರದಲ್ಲಿ ಎರಡು ದಿನ ಡಬಲ್ ಶಿಫ್ಟು. ಹುಡುಗ ಇಲ್ಲೇ ಹುಟ್ಟಿದವನು. ನನ್ನ ಮಗನ ಓರಗೆಯವನು, ಅದೇ ಶಾಲೆ, ಅದೇ ಕ್ಲಾಸು. 2015ರಲ್ಲಿ ಇಬ್ಬರೂ ಐದನೇ ಗ್ರೇಡು. ಬೆಳಿಗ್ಗೆ ಲಿಫ್ಟಿನಲ್ಲಿ ಜೊತೆಗೇ ಇಳಿದರೆ ಸಂಜೆ ಜೊತೆಗೇ ಹತ್ತುತ್ತಿದ್ದರು. ಅವನ ತಾಯಿ ನನ್ನನ್ನು ಸಿಸ್ಟರ್ ಎಂದು ಕರೆಯುತ್ತಿದ್ದರು, ಅವನು ಆಂಟಿ ಎನ್ನುತ್ತಿದ್ದ. 'ಸಾಕು', 'ಇನ್ನೊಂದು', 'ಖಾರ' ಎಂಬ ಮೂರು ಕನ್ನಡ ಮಾತು ಅವನಿಗೆ ಬರುತ್ತಿದ್ದವು. ನಮ್ಮ ಅಡುಗೆಮನೆಗೆ ಅಷ್ಟು ಸಾಕಾಗುತ್ತಿತ್ತು.

ನನ್ನ ಗಂಡನಿಗೆ ಈ ಗೆಳೆತನ ಸೇರುತ್ತಿರಲಿಲ್ಲ. ಅವರು ಒಶಾವಾದಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಹೋಗುತ್ತಿದ್ದರು. "ಕರಿ ಮಂದಿ ಜೋಡಿ ಅಷ್ಟ್ಯಾಕ ಹಚಕೋತೀರಿ? ನಾಳೆ ನಮ್ಮ ಹುಡುಗಗೂ ಅದ ಹೆಸರು ಬರ್ತೈತಿ" ಎನ್ನುತ್ತಿದ್ದರು. ನನ್ನ ಗಂಡನ ಬಣ್ಣ ಆ ಹುಡುಗನಿಗಿಂತ ಒಂದು ಕೈ ಹೆಚ್ಚೇ ಕಪ್ಪು. ನನ್ನನ್ನು ನೋಡಲು ಬಂದಾಗ ನಮ್ಮ ಅಜ್ಜಿ ಒಳಗೆ ಬಂದು "ಹುಡುಗ ಛಲೋ, ಆದ್ರ ಹಂಚಿನ ತಳ" ಎಂದು ಮೂಗು ಮುರಿದಿದ್ದಳು. ಇದನ್ನು ಅವರಿಗೆ ನೆನಪಿಸಿದರೆ "ನಂದು ಬ್ಯಾರೆ" ಎನ್ನುತ್ತಿದ್ದರು. ಅದೇನು ಬೇರೆ ಎಂದು ಕೇಳಿದರೆ ಟಿವಿ ದನಿ ಏರಿಸುತ್ತಿದ್ದರು.

ಭಾನುವಾರ ನಾನು ಎದುರು ಮನೆಗೆ ಒಂದು ಡಬ್ಬಿ ಕಳಿಸುತ್ತಿದ್ದೆ. ಚಪಾತಿ, ಎಣ್ಣೆಗಾಯಿ, ಒಮ್ಮೊಮ್ಮೆ ಶೇಂಗಾ ಹೋಳಿಗೆ. ಮೇಲೆ ಒಂದು ಚೀಟಿ: ಎರಡು ನಿಮಿಷ ಬಿಸಿ ಮಾಡಿ, ಹಸಿರು ಡಬ್ಬಿಯದು ಖಾರ. ನಾಲ್ಕು ಗೆರೆ ಕಾಪಿಯಲ್ಲಿ ತಿದ್ದಿ ಕಲಿತ ಇಂಗ್ಲಿಷ್ ಅಕ್ಷರ ನನ್ನದು, ಒಂದಕ್ಕೊಂದು ಕೈ ಹಿಡಿದುಕೊಂಡು ಹೋಗುವಂಥದು. ಇಲ್ಲಿ ಯಾರೂ ಹಾಗೆ ಬರೆಯುವುದಿಲ್ಲ. ಆ ತಾಯಿಗೆ ಅದು ಬಹಳ ಇಷ್ಟ. ಚೀಟಿಗಳನ್ನೆಲ್ಲ ಫ್ರಿಜ್ಜಿಗೆ ಅಂಟಿಸಿಡುತ್ತಿದ್ದರು. ಮೊದಲ ಸಲ ತೊಳೆದ ಡಬ್ಬಿ ಖಾಲಿ ತಂದುಕೊಟ್ಟಾಗ, ನಮ್ಮಲ್ಲಿ ಖಾಲಿ ಡಬ್ಬಿ ತಿರುಗಿ ಕೊಡುವುದಿಲ್ಲ, ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು ಎಂದು ನಗುತ್ತ ಹೇಳಿದ್ದೆ. ಅವರೂ ನಕ್ಕು, ನಮ್ಮಮ್ಮನೂ ಹೀಗೇ ಹೇಳುತ್ತಿದ್ದಳು ಎಂದರು. ಅಂದಿನಿಂದ ಡಬ್ಬಿಯಲ್ಲಿ ಕರಿದ ಬಾಳೆಕಾಯಿ ಬರುತ್ತಿತ್ತು. ಏನೂ ಇಲ್ಲದ ವಾರ ಕಾಗದದಲ್ಲಿ ಸುತ್ತಿದ ಒಂದು ಚಮಚ ಸಕ್ಕರೆ.

ಧಾರವಾಡದ ಶಾಲೆಯಲ್ಲಿ ನನಗೆ ಬಾಯಿ ಜೋರು ಎಂದೇ ಹೆಸರು. ಅಪ್ಪಂದಿರು ಮಗನ ಕೈ ಹಿಡಿದು ತಂದು ನಿಲ್ಲಿಸಿ, "ಅಕ್ಕೋರ, ಕಣ್ಣೊಂದು ಬಿಟ್ಟು ಎಲ್ಲೆ ಬೇಕಾದ್ರೂ ಹೊಡೀರಿ, ಒಟ್ಟ ಇಂವಾ ಶಾಣ್ಯಾ ಆಗಬೇಕು" ಎಂದು ಒಪ್ಪಿಸಿ ಹೋಗುತ್ತಿದ್ದರು. ಬೈದು ಹೇಳುವವರು ಬದುಕಲಿಕ್ಕೆ ಹೇಳುತ್ತಾರೆ, ನಕ್ಕು ಹೇಳುವವರು ಕೆಡಲಿಕ್ಕೆ ಹೇಳುತ್ತಾರೆ ಎಂಬ ಗಾದೆಯನ್ನು ನಾವು ಮಾಸ್ತರಿಕೆಯ ಪದ್ಧತಿ ಮಾಡಿಕೊಂಡಿದ್ದೆವು. ಯಾವ ಹುಡುಗನ ಮೇಲೆ ಆಸೆ ಹೆಚ್ಚೋ ಅವನಿಗೇ ಬೈಗುಳ ಹೆಚ್ಚು. ಮನೆಗೆ ಚೀಟಿ ಕಳಿಸುವಾಗ ಒಂದಕ್ಕೆ ಹತ್ತು ಸೇರಿಸಿ ಬರೆಯುತ್ತಿದ್ದೆವು: ನಿಮ್ಮ ಮಗ ಸಂಪೂರ್ಣ ಹಾಳಾಗುವ ದಾರಿಯಲ್ಲಿದ್ದಾನೆ, ಉಳಿದ ಮಕ್ಕಳನ್ನೂ ಕೆಡಿಸುತ್ತಿದ್ದಾನೆ, ಕೂಡಲೇ ಬಂದು ಕಾಣತಕ್ಕದ್ದು. ಅಪ್ಪ ಓಡಿ ಬರುತ್ತಿದ್ದ, ನಮ್ಮೆದುರೇ ಮಗನಿಗೆ ಎರಡು ಬಾರಿಸುತ್ತಿದ್ದ, ಚಹಾ ಕುಡಿದು ಹೋಗುತ್ತಿದ್ದ. ಚೀಟಿ ಕಸದ ಬುಟ್ಟಿಗೆ ಹೋಗುತ್ತಿತ್ತು.

ಅದೇ ಹುಡುಗ ಶಾಲೆ ಬಿಡುವಾಗ ಅವನ ಸರ್ಟಿಫಿಕೇಟಿನಲ್ಲಿ 'ನಡತೆ' ಎಂಬ ಜಾಗದಲ್ಲಿ ನಾವೇ 'ಉತ್ತಮ' ಎಂದು ಬರೆದು ಸಹಿ ಹಾಕುತ್ತಿದ್ದೆವು. ಎಂಥ ಪುಂಡನಿಗೂ 'ಉತ್ತಮ'. ಬಾಯಲ್ಲಿ ಕೊಂದರೂ ಕಾಗದದ ಮೇಲೆ ಮಗುವನ್ನು ಕೊಲ್ಲಬಾರದು ಎಂದು ಮೊದಲ ವರ್ಷವೇ ನಮ್ಮ ಹೆಡ್‌ಮಾಸ್ತರು ನನಗೆ ಹೇಳಿಕೊಟ್ಟಿದ್ದರು. ಎರಡನೆಯ ಅರ್ಧ ನನಗೆ ಸರಿಯಾಗಿ ನೆನಪಿರಲಿಲ್ಲ ಎಂದು ಕಾಣುತ್ತದೆ.

ಆ ವರ್ಷದ ಡಿಸೆಂಬರಿನಲ್ಲಿ ಒಂದು ದಿನ ಮಕ್ಕಳನ್ನು ಹೊರಗೆ ಬಿಡಲಾರದಷ್ಟು ಚಳಿ. ಊಟವಾದ ಮೇಲೂ ಎಲ್ಲರೂ ಒಳಗೇ. ನೂರು ಮಕ್ಕಳ ಗದ್ದಲ, ಒದ್ದೆ ಬೂಟಿನ ವಾಸನೆ, ತಲೆನೋವು. ನನ್ನ ಮಗ ಎದುರು ಮನೆಯ ಹುಡುಗನ ಉಣ್ಣೆ ಟೊಪ್ಪಿಗೆ ಕಸಿದುಕೊಂಡು ಟೇಬಲುಗಳ ನಡುವೆ ಓಡಿದ. ಅವನು ಬೆನ್ನಟ್ಟಿದ. ಇಬ್ಬರೂ ನಗುತ್ತಿದ್ದರು. ಸಿಕ್ಕಿಬೀಳುವ ಹೊತ್ತಿಗೆ ನನ್ನ ಮಗ ಒಂದು ಕುರ್ಚಿ ಹಿಂದಕ್ಕೆ ದೂಡಿದ. ಕುರ್ಚಿ ಬಿದ್ದು ಒಂದನೇ ಗ್ರೇಡಿನ ಹುಡುಗಿಯ ಬಾಯಿಗೆ ತಗುಲಿತು, ತುಟಿ ಒಡೆದು ರಕ್ತ ಬಂತು. ಎದುರು ಮನೆಯವನು ಓಟ ನಿಲ್ಲಿಸಿ ಕುರ್ಚಿ ಎತ್ತಿದ. ಎಲ್ಲರೂ ತಿರುಗಿ ನೋಡುವಾಗ ಕುರ್ಚಿ ಅವನ ಕೈಯಲ್ಲಿತ್ತು. ದೂಡಿದ್ದು ಯಾರೆಂದು ನಾನು ಕಣ್ಣಾರೆ ಕಂಡಿದ್ದೆ. ಇದನ್ನು ಈಗಲಾದರೂ ಸ್ಪಷ್ಟವಾಗಿ ಬರೆಯಬೇಕು.

ಹುಡುಗಿಯನ್ನು ಆಫೀಸಿಗೆ ಕಳಿಸಿ ಇಬ್ಬರನ್ನೂ ನನ್ನೆದುರು ನಿಲ್ಲಿಸಿದೆ. ಏನಾದರೂ ಪೆಟ್ಟಾದರೆ ನಾವು ತುಂಬಬೇಕಾದ ಫಾರ್ಮ್ ಒಂದಿತ್ತು. ಅದು ಧಾರವಾಡದ ಚೀಟಿಯ ಹಾಗೆ ಮನೆಗೆ ಹೋಗಿ ಬರುವ ಕಾಗದ ಎಂದುಕೊಂಡೆ. ಎರಡು ಹಾಳೆ ತೆಗೆದೆ. ಹನ್ನೊಂದು ವರ್ಷದ ಅಕ್ಕೋರು ನನ್ನೊಳಗೆ ಎದ್ದು ಕೂತಳು. ಬರೆಯುತ್ತ ಇಬ್ಬರಿಗೂ ಕೇಳುವಂತೆ ಜೋರಾಗಿ ಓದಿದೆ: ಈ ಹುಡುಗ ಬಹಳ ಅಪಾಯಕಾರಿ. ಹೇಳಿದ ಮಾತು ಕೇಳುವುದಿಲ್ಲ. ಬೇರೆ ಮಕ್ಕಳನ್ನು ಕೆಡಿಸುತ್ತಿದ್ದಾನೆ. ಈಗಲೇ ಕಠಿಣ ಕ್ರಮ ಕೈಗೊಳ್ಳಬೇಕು. ಇಂಗ್ಲಿಷಿನಲ್ಲಿ ಆ ಮಾತುಗಳಿಗೆ ಎಷ್ಟು ಭಾರವಿದೆ ಎಂದು ನನಗೆ ತಿಳಿದಿರಲಿಲ್ಲ. ಎರಡೂ ಹಾಳೆಯ ಮೇಲೆ ಅಕ್ಷರ ಅಕ್ಷರವೂ ಅದೇ. ನನ್ನ ಮಗನೆಂದು ಒಂದು ಪದ ಕಡಿಮೆ ಮಾಡಲಿಲ್ಲ. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟು, ನಾನೆಷ್ಟು ನ್ಯಾಯವಂತೆ ಎಂದು ಬೀಗಿದೆ ಕೂಡ. ಎದುರು ಮನೆಯ ಹುಡುಗ ನಾನು ಬರೆಯುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ.

ಎರಡನ್ನೂ ವೈಸ್ ಪ್ರಿನ್ಸಿಪಾಲರ ಮುಂದೆ ಇಟ್ಟೆ. ಅವರು ಬಿಳಿಯ, ನಗುಮುಖದ ಮನುಷ್ಯ, ನನ್ನನ್ನು ಕಂಡರೆ ಯಾವಾಗಲೂ ಹವೆಯ ಬಗ್ಗೆ ಎರಡು ಮಾತಾಡುವವರು. ನನ್ನ ಮಗನ ಹಾಳೆ ಮೊದಲು ಓದಿದರು. ಓದುತ್ತ ನಕ್ಕರು. "ಅಮ್ಮಂದಿರೇ ಹೀಗೆ, ಸ್ವಂತ ಮಕ್ಕಳ ಮೇಲೆ ಬಹಳ ಕಠಿಣ. ನಿಮ್ಮ ಮಗ ಒಳ್ಳೆಯ ಹುಡುಗ. ಆಡುತ್ತಿದ್ದ, ಅಷ್ಟೆ" ಎಂದು ಹಾಳೆಯನ್ನು ಎರಡಾಗಿ, ನಾಲ್ಕಾಗಿ ಹರಿದು ರದ್ದಿ ಕಾಗದದ ನೀಲಿ ಡಬ್ಬದೊಳಗೆ ಹಾಕಿದರು. ಇನ್ನೊಂದನ್ನು ಎತ್ತಿಕೊಂಡರು. ಅದೇ ಮಾತು, ಅದೇ ಅಕ್ಷರ. ನಗಲಿಲ್ಲ. ಹಣೆ ಗಂಟಿಕ್ಕಿ ಎರಡು ಸಲ ಓದಿದರು. "ಇವನ ಬಗ್ಗೆ ನಮಗೂ ಚಿಂತೆಯಿತ್ತು. ನೀವು ಬರೆದುಕೊಟ್ಟದ್ದು ಒಳ್ಳೆಯದಾಯಿತು" ಎಂದು ಒಂದು ಫೈಲು ತರಿಸಿ ಅದರೊಳಗೆ ಇಟ್ಟರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಾವು ಆಡಿಕೊಳ್ಳುವುದು ಇದನ್ನೇ. ನನ್ನ ಬಾಯಿಯಿಂದ ಒಂದು ವಾಕ್ಯ ಬಂದಿದ್ದರೆ ಸಾಕಿತ್ತು: ಸರ್, ಕುರ್ಚಿ ದೂಡಿದ್ದು ನನ್ನ ಮಗ. ಬರಲಿಲ್ಲ. ಆಗ ನನಗೆ ತಿಳಿಯಲಿಲ್ಲ, ಹೊಸ ದೇಶ, ಹೊಸ ಪದ್ಧತಿ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಹರಿದ ಹಾಳೆ ಡಬ್ಬದೊಳಗೆ ಬಿದ್ದಾಗಲೇ ನನಗೆಲ್ಲ ತಿಳಿಯಿತು. ತಿಳಿದು, ಹಗುರಾದೆ. ಹೆತ್ತವರಿಗೆ ಹೆಗ್ಗಣ ಮುದ್ದು. ಥ್ಯಾಂಕ್ಯೂ ಸರ್ ಎಂದು ಹೇಳಿ ಟೇಬಲು ಒರೆಸಲು ಹೋದೆ.

ಎದುರು ಮನೆಯ ಹುಡುಗನಿಗೆ ಒಂದು ದಿನ ಶಾಲೆಗೆ ಬರಬಾರದೆಂದು ಶಿಕ್ಷೆಯಾಯಿತು. ತಾಯಿಗೆ ರಜೆ ಸಿಗಲಿಲ್ಲ. ಸಂಜೆ ನಮ್ಮ ಬಾಗಿಲು ಬಡಿದು, "ಸಿಸ್ಟರ್, ನಾಳೆ ಇವನನ್ನು ನಿಮ್ಮ ಮನೆಯಲ್ಲಿ ಕೂರಿಸಿಕೊಳ್ಳುತ್ತೀರಾ?" ಎಂದು ಕೇಳಿದರು. ಫಾರ್ಮ್ ಬರೆದದ್ದು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಹುಡುಗ ಹೇಳಿರಲಿಲ್ಲ. ಈಗಲೂ ಯೋಚಿಸುತ್ತೇನೆ, ಹತ್ತು ವರ್ಷದ ಹುಡುಗ ನನ್ನ ಮರ್ಯಾದೆ ಯಾಕೆ ಕಾಯ್ದ ಎಂದು. ಬಹುಶಃ ನಾನು ಅವನ ಆಂಟಿ ಎಂದು. ಮರುದಿನ ಅವನು ನಮ್ಮ ಅಡುಗೆಮನೆಯ ಟೇಬಲಿನ ಮುಂದೆ ಕೂತ. ಸುಮ್ಮನೆ ಕೂರುವುದು ಬೇಡ ಎಂದು ನಾನು ನಾಲ್ಕು ಲೆಕ್ಕ ಬರೆದುಕೊಟ್ಟೆ. ಅವಲಕ್ಕಿ ಒಗ್ಗರಣೆ ಹಾಕುವಷ್ಟರಲ್ಲಿ ಮುಗಿಸಿದ. ಏಳನೇ ಇಯತ್ತೆಯ ಲೆಕ್ಕ ಕೊಟ್ಟೆ. ಅದನ್ನೂ ಮುಗಿಸಿ, ಎರಡನೆಯದಕ್ಕೆ ನನಗೆ ಹೊಳೆಯದ ಇನ್ನೊಂದು ದಾರಿ ತೋರಿಸಿದ. ನನ್ನ ಹನ್ನೊಂದು ವರ್ಷದಲ್ಲಿ ಅಂಥ ತಲೆ ಇಬ್ಬರದೋ ಮೂವರದೋ ನೋಡಿದ್ದೆ.

ಆ ದಿನದಿಂದ ಅವನಿಗೆ ಪ್ರತಿ ಸಂಜೆ ಪಾಠ ಶುರುವಾಯಿತು. ನನ್ನ ಮಗನೂ ಜೊತೆಗೆ ಕೂರುತ್ತಿದ್ದ. ನಾನು ಹೇಳಿದ್ದು ಮಗನ ತಲೆಗೆ ಹೋಗದಿದ್ದರೆ ಅವನೇ ಅದನ್ನು ಬೇರೆ ಥರ ಬಿಡಿಸಿ ಹೇಳುತ್ತಿದ್ದ. ಮಗನ ಮಾರ್ಕು ಏರಿದ್ದು ಅವನಿಂದ. ನಾನು ಇಬ್ಬರಿಗೂ ಬೈಯುತ್ತಿದ್ದೆ, ಅವನಿಗೆ ಒಂದು ಪಾಲು ಹೆಚ್ಚು. ಅವನು ಹಲ್ಲು ಕಿರಿದು "ಸಾಕು ಆಂಟಿ" ಎನ್ನುತ್ತಿದ್ದ. ಪ್ರಾಯಶ್ಚಿತ್ತ ಮಾಡುತ್ತಿದ್ದೇನೆ ಎಂದು ಒಳಗೊಳಗೇ ಸಮಾಧಾನವಾಗುತ್ತಿತ್ತು.

ಶಾಲೆಯಲ್ಲಿ ಬೇರೆಯದೇ ನಡೆಯುತ್ತಿತ್ತು. ಪ್ರತಿ ಸೆಪ್ಟೆಂಬರಿನಲ್ಲಿ ಹೊಸ ಟೀಚರ್ ಮಕ್ಕಳ ಮುಖ ನೋಡುವ ಮೊದಲು ಫೈಲು ನೋಡುತ್ತಾರೆ. ಆರನೇ ಗ್ರೇಡಿನಲ್ಲಿ ಅವನ ಡೆಸ್ಕನ್ನು ಮೊದಲ ದಿನವೇ ಉಳಿದವರಿಂದ ಬೇರೆ ಮಾಡಿ ಗೋಡೆಗೆ ಮುಖ ಮಾಡಿ ಇಟ್ಟರು. ಅವನು ಇನ್ನೂ ಏನೂ ಮಾಡಿರಲಿಲ್ಲ. ಜೋರಾಗಿ ನಕ್ಕರೆ ಒಂದು ಹಾಳೆ, ಎದುರು ಮಾತಾಡಿದರೆ ಒಂದು ಹಾಳೆ, ಟೀಚರ್ ಬೋರ್ಡಿನ ಮೇಲೆ ಮಾಡಿದ ತಪ್ಪನ್ನು ತೋರಿಸಿದ್ದಕ್ಕೂ ಒಂದು ಹಾಳೆ. ನನ್ನ ಮಗ ಅದೇ ತಪ್ಪನ್ನು ತೋರಿಸಿದ್ದರೆ ಜಾಣ ಎನ್ನುತ್ತಿದ್ದರು. ಊಟದ ಕೋಣೆಯಲ್ಲಿ ನನ್ನ ಜೊತೆಯ ಸೂಪರ್‌ವೈಸರುಗಳು ಅವನು ಕುರ್ಚಿ ಮುಟ್ಟಿದರೆ ಸಾಕು, ತಿರುಗಿ ನೋಡುತ್ತಿದ್ದರು. ಎರಡೇ ವರ್ಷದಲ್ಲಿ ಅವನು ನನ್ನ ಎತ್ತರಕ್ಕೆ ಬೆಳೆದುಬಿಟ್ಟ. ಹನ್ನೆರಡು ವರ್ಷದ ಹುಡುಗನನ್ನು ಜನ ಹದಿನೇಳರ ಗಂಡಸಿನ ಹಾಗೆ ನೋಡತೊಡಗಿದರು.

ಏಳನೇ ಗ್ರೇಡಿನ ಚಳಿಗಾಲದಲ್ಲಿ ಇಬ್ಬರೂ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಪೊಲೀಸ್ ಕಾರು ಬಂದು ನಿಂತಿತಂತೆ. ಯಾವುದೋ ಅಂಗಡಿಯಲ್ಲಿ ಏನೋ ಕಳುವಾಗಿತ್ತಂತೆ. ಅವನಿಗೆ ಬ್ಯಾಗು ತೆರೆಯಲು ಹೇಳಿದರು, ನನ್ನ ಮಗನಿಗೆ ನೀನು ಹೋಗು ಎಂದರು. ಬ್ಯಾಗಿನಿಂದ ಬಿದ್ದದ್ದು ನಾನು ಕೊಟ್ಟ ಬೀಜಗಣಿತದ ಪುಸ್ತಕ ಮತ್ತು ಅರ್ಧ ತಿಂದ ಚಪಾತಿ. ಮಗ ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಇದನ್ನೆಲ್ಲ ಹೇಳಿದ. "ಅಮ್ಮಾ, ಹೀ ವಾಸ್ ಜಸ್ಟ್ ಸ್ಟ್ಯಾಂಡಿಂಗ್ ದೇರ್. ನನ್ನ ಬ್ಯಾಗ್ ಯಾಕ ನೋಡಲಿಲ್ಲ?"

ನನ್ನ ಗಂಡ ಊಟದ ತಾಟಿನಿಂದ ತಲೆ ಎತ್ತಿದರು. "ನಾ ಹೇಳಿದ್ದಿಲ್ಲೇನ? ಇನ್ಮ್ಯಾಲೆ ಅವನ ಜೋಡಿ ಬಸ್ಸಿಗೆ ನಿಲ್ಲಬ್ಯಾಡ. ಮುಂದಿನ ಬಸ್ ಹಿಡಿ" ಎಂದರು. ನಾನು ಬೇಡವೆನ್ನಲಿಲ್ಲ. ಮರುದಿನದಿಂದ ಮಗ ಹತ್ತು ನಿಮಿಷ ತಡ ಮಾಡಿ ಹೊರಡತೊಡಗಿದ. ಎದುರು ಬಾಗಿಲ ಹುಡುಗ ಒಂದು ವಾರ ಲಿಫ್ಟಿನ ಹತ್ತಿರ ಕಾದ. ಆಮೇಲೆ ಕಾಯುವುದನ್ನು ಬಿಟ್ಟ.

ಆ ಸಲ ಇಲ್ಲಿನ ಕನ್ನಡಿಗರ ಸಂಕ್ರಾಂತಿ ಕೂಟದಲ್ಲಿ ಒಬ್ಬ ನಿವೃತ್ತ ಡಾಕ್ಟರು ನನ್ನ ಪಕ್ಕ ಕೂತಿದ್ದರು, ಮೈಸೂರಿನ ಕಡೆಯವರು, ಈ ದೇಶಕ್ಕೆ ಬಹಳ ಹಿಂದೆ ಬಂದವರು. ಬಂದ ಹೊಸತರಲ್ಲಿ ಸಬ್‌ವೇ ರೈಲಿನಲ್ಲಿ ಯಾರೋ ತಮ್ಮ ಮುಖದ ಮೇಲೆ ಉಗುಳಿದ್ದನ್ನು ಹೇಳಿದರು. ಹೇಳುವಾಗ ಅವರ ಕಣ್ಣಲ್ಲಿ ನೀರು ಬಂತು. ಮರುಕ್ಷಣವೇ ನನ್ನ ಕಡೆ ಬಾಗಿ, "ನೋಡಮ್ಮ, ಸ್ಕಾರ್‌ಬರೋ ಬಿಟ್ಬಿಡಿ. ಸ್ಟೌಫ್‌ವಿಲ್ ಕಡೆ ಮನೆ ನೋಡಿ. ಅಲ್ಲಿ ಸ್ಕೂಲಲ್ಲಿ ಆ ಜನ ಕಮ್ಮಿ" ಎಂದರು. ನನ್ನ ಅಂಗೈಯಲ್ಲಿ ಅವರೇ ಹಾಕಿದ ಎಳ್ಳು-ಬೆಲ್ಲವಿತ್ತು, ಒಳ್ಳೆಯ ಮಾತಾಡೋಣ ಎಂದು ಹೇಳಿ ಹಾಕಿದ್ದು. ನಾನು ತಲೆ ಆಡಿಸಿ ಅದನ್ನು ಬಾಯಿಗೆ ಹಾಕಿಕೊಂಡೆ.

ಆ ಶಾಲೆಯಲ್ಲಿ ಕೊನೆಯದಾದ ಎಂಟನೇ ಗ್ರೇಡು ಬಂತು. ಗಣಿತದಲ್ಲಿ ಮುಂದಿರುವ ಮಕ್ಕಳಿಗಾಗಿ ವಿಶೇಷ ತರಗತಿ ನಡೆಸುವ ಒಂದು ಹೈಸ್ಕೂಲಿತ್ತು. ಪ್ರವೇಶಕ್ಕೆ ಒಂದು ಪರೀಕ್ಷೆ, ಜೊತೆಗೆ ಓದುತ್ತಿರುವ ಶಾಲೆಯ ಶಿಫಾರಸು ಪತ್ರ. ಎದುರು ಮನೆಯ ಹುಡುಗ ಎರಡು ವರ್ಷದಿಂದ ಅದರ ಕನಸೇ ಕಾಣುತ್ತಿದ್ದ. ಅಲ್ಲಿನ ಹಳೆಯ ಪ್ರಶ್ನೆಪತ್ರಿಕೆಗಳನ್ನು ಎಲ್ಲಿಂದಲೋ ತಂದು, ಬಿಡಿಸಿ, ನನ್ನಿಂದ ತಿದ್ದಿಸಿಕೊಳ್ಳುತ್ತಿದ್ದ. ಇಬ್ಬರೂ ಪರೀಕ್ಷೆ ಬರೆದರು. ಅವನು ಸಲೀಸಾಗಿ ಪಾಸಾದ. ನನ್ನ ಮಗ ಬಾಗಿಲ ಸಂದಿಯಲ್ಲಿ ನುಸುಳಿದ. 2019ರ ಫೆಬ್ರವರಿಯಲ್ಲಿ ನನ್ನ ಮಗನಿಗೆ ಶಿಫಾರಸು ಪತ್ರ ಕೊಡುತ್ತೇವೆಂದು ಶಾಲೆಯಿಂದ ಫೋನ್ ಬಂತು. ಎದುರು ಮನೆಯ ತಾಯಿಗೂ ಫೋನ್ ಬಂತು, ಬಂದು ಮಾತಾಡಿ ಎಂದು. ಪತ್ರ ಕೊಡಲು ಶಾಲೆಗೆ ಮನಸ್ಸಿರಲಿಲ್ಲ, ಹುಡುಗನಿಗೆ ಮಾಮೂಲಿ ಹೈಸ್ಕೂಲಿನ ಸುಲಭದ ಲೆಕ್ಕದ ಕ್ಲಾಸು ಸಾಕು ಎನ್ನುತ್ತಿದ್ದರು.

ಆ ಸಂಜೆ ತಾಯಿ ಕೆಲಸದ ಬಟ್ಟೆಯಲ್ಲೇ ನಮ್ಮ ಮನೆಗೆ ಬಂದರು. "ಸಿಸ್ಟರ್, ನೀವು ಟೀಚರ್ ಆಗಿದ್ದವರು. ಅವನ ಲೆಕ್ಕ ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ನನ್ನ ಜೊತೆ ಬಂದು ಹೇಳಿ. ನನ್ನ ಮಾತು ಅವರು ಕೇಳುವುದಿಲ್ಲ" ಎಂದರು. ಬರುತ್ತೇನೆ ಎಂದೆ. ಅವರು ಹೋದ ಮೇಲೆ ಗಂಡ ಸಿಡುಕಿದರು: "ನಿನಗ್ಯಾಕ ಬೇಕ ಊರ ಉಸಾಬರಿ? ನಮ್ಮ ಹುಡುಗನ ಪತ್ರ ಇನ್ನೂ ಕೈಗೆ ಬಂದಿಲ್ಲ. ಸುಮ್ನ ಕೂಡು." ನಾನು ಸುಮ್ಮನೆ ಕೂರಲಿಲ್ಲ. ಇಷ್ಟು ವರ್ಷದ ಅವನ ನೋಟ್‌ಬುಕ್ಕುಗಳನ್ನೆಲ್ಲ ಸೀರೆ ಅಂಗಡಿಯ ಬಟ್ಟೆ ಚೀಲದಲ್ಲಿ ತುಂಬಿಕೊಂಡೆ. ಬಹಳ ದಿನದ ಮೇಲೆ ಇಸ್ತ್ರಿ ಮಾಡಿದ ಸೀರೆ ಉಟ್ಟೆ. ನಾನು ಒಳ್ಳೆಯವಳು ಎಂದು ಅವತ್ತು ಬೆಳಿಗ್ಗೆ ನನಗೆ ಪೂರಾ ನಂಬಿಕೆಯಿತ್ತು.

ಹಳೆಯ ವೈಸ್ ಪ್ರಿನ್ಸಿಪಾಲರು ಆ ಹೊತ್ತಿಗೆ ಬೇರೆ ಶಾಲೆಗೆ ಹೋಗಿದ್ದರು. ಅವರ ಕುರ್ಚಿಯಲ್ಲಿ ಒಬ್ಬ ಹೆಂಗಸು, ಮೃದು ಮಾತಿನವರು. ಪಕ್ಕದಲ್ಲಿ ಎಂಟನೇ ಗ್ರೇಡಿನ ಟೀಚರ್. ನಾನು ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಜೋಡಿಸಿ ಒಂದೊಂದೇ ಪುಟ ತೆರೆದು ತೋರಿಸಿದೆ. ಇವನು ಹನ್ನೆರಡನೇ ವಯಸ್ಸಿಗೆ ಮಾಡಿದ್ದು ನೋಡಿ, ಈ ದಾರಿ ಇವನೇ ಕಂಡುಕೊಂಡದ್ದು ನೋಡಿ ಎಂದೆ. ಟೀಚರ್ ಒಂದು ಪುಟವನ್ನು ಬಹಳ ಹೊತ್ತು ನೋಡಿದರು. ಅವನ ತಾಯಿ ಮೇಜಿನ ಕೆಳಗೆ ನನ್ನ ಕೈ ಹಿಡಿದುಕೊಂಡರು.

"ಬುದ್ಧಿಯ ಬಗ್ಗೆ ನಮ್ಮದೇನೂ ತಕರಾರಿಲ್ಲ" ಎಂದರು ವೈಸ್ ಪ್ರಿನ್ಸಿಪಾಲರು. "ಪ್ರಶ್ನೆ ಇರುವುದು ನಡತೆಯದು. ಇದು ಇವತ್ತಿನದಲ್ಲ, ಮೊದಲಿನಿಂದಲೂ ಬಂದದ್ದು." ಫೈಲು ತೆರೆದರು. ದಪ್ಪಗಿತ್ತು. ಹಾಳೆಗಳನ್ನು ಒಂದೊಂದಾಗಿ ಮಗುಚುತ್ತ ತಳಕ್ಕೆ ಹೋಗಿ ಎಲ್ಲಕ್ಕಿಂತ ಹಳೆಯದನ್ನು ಹೊರಗೆಳೆದರು. ಓದಿದರು: ಈ ಹುಡುಗ ಬಹಳ ಅಪಾಯಕಾರಿ. ಬೇರೆ ಮಕ್ಕಳನ್ನು ಕೆಡಿಸುತ್ತಿದ್ದಾನೆ. ಈಗಲೇ ಕಠಿಣ ಕ್ರಮ ಕೈಗೊಳ್ಳಬೇಕು.

ಆ ತಾಯಿ ನನ್ನ ಕೈ ಬಿಟ್ಟು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡರು. ಆ ನಾಲ್ಕು ಸಾಲು ಓದಲು ಅಷ್ಟು ಹೊತ್ತು ಬೇಕಿರಲಿಲ್ಲ. ಅವರು ಅಕ್ಷರ ನೋಡುತ್ತಿದ್ದರು. ಇಷ್ಟು ವರ್ಷದಿಂದ ಅವರ ಫ್ರಿಜ್ಜಿನ ಮೇಲೆ ಎರಡು ನಿಮಿಷ ಬಿಸಿ ಮಾಡಿ ಎಂದು ಹೇಳುತ್ತಿದ್ದ ಅಕ್ಷರ.

"ಸಿಸ್ಟರ್, ಇದು ನಿಮ್ಮ ಕೈಬರಹ" ಎಂದರು.

ವೈಸ್ ಪ್ರಿನ್ಸಿಪಾಲರು ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಹಿ ನೋಡಿದರು. "ಓ, ಇದನ್ನು ಬರೆದದ್ದು ನೀವೇನಾ? ಹಾಗಾದರೆ ನಿಮಗೇ ಚೆನ್ನಾಗಿ ಗೊತ್ತು. ನೀವೇ ಹೇಳಿ."

ಮೂವರೂ ನನ್ನ ಬಾಯಿ ನೋಡುತ್ತಿದ್ದರು. ಹೇಳಬೇಕಾದದ್ದೆಲ್ಲ ನಾಲಗೆಯ ತುದಿಯಲ್ಲಿತ್ತು: ಇಂಥದ್ದೇ ಇನ್ನೊಂದು ಹಾಳೆ ಬರೆದಿದ್ದೆ, ನನ್ನ ಮಗನ ಮೇಲೆ, ಅದನ್ನು ಹರಿದರು, ಕುರ್ಚಿ ದೂಡಿದವನು ಅವನು. ಆದರೆ ಅದೇ ಮೇಜಿನ ಮೂಲೆಯಲ್ಲಿ, ನೋಟ್‌ಬುಕ್ಕುಗಳ ಪಕ್ಕ, ಸಹಿಯಾಗಿ ಲಕೋಟೆಗೆ ಹೋಗಲು ಕಾಯುತ್ತಿದ್ದ ನನ್ನ ಮಗನ ಶಿಫಾರಸು ಪತ್ರ ನನಗೆ ಕಾಣುತ್ತಿತ್ತು. ಅವನ ಹೆಸರಿನ ಮೊದಲ ಅಕ್ಷರ ಓದಲೂ ಬರುತ್ತಿತ್ತು.

"ಆಗ ಚಿಕ್ಕವನಿದ್ದ. ಈಗ ಬಹಳ ಸುಧಾರಿಸಿದ್ದಾನೆ" ಎಂದೆ.

ಟೀಚರ್ ಅದನ್ನು ಬರೆದುಕೊಂಡರು. ಸುಧಾರಿಸಿದ್ದಾನೆ ಎಂದರೆ ಕೆಟ್ಟವನಾಗಿದ್ದ ಎಂದು ಅರ್ಥ. ಮೊದಲ ಸಲ ಬರೆದು ಕೊಟ್ಟಿದ್ದೆ, ಈಗ ಬಾಯಿಬಿಟ್ಟು ಸಾಕ್ಷಿ ಹೇಳಿದೆ. ವೈಸ್ ಪ್ರಿನ್ಸಿಪಾಲರು ಮೆಲ್ಲಗೆ, ಆ ಸುಧಾರಣೆ ಮುಂದೆಯೂ ಹೀಗೇ ನಡೆಯಲಿ ಎಂದು ಹಾರೈಸುತ್ತೇವೆ, ಆದರೆ ಈ ವರ್ಷ ಪತ್ರ ಕೊಡಲಾಗುವುದಿಲ್ಲ ಎಂದರು. ತಾಯಿ ಎದ್ದರು. ಕೋಟಿನ ಗುಂಡಿ ಒಂದೊಂದಾಗಿ ಹಾಕಿಕೊಂಡರು. ನೋಟ್‌ಬುಕ್ಕುಗಳನ್ನು ನನ್ನ ಚೀಲಕ್ಕೆ ಹಾಕಲಿಲ್ಲ, ಎದೆಗೆ ಒತ್ತಿಹಿಡಿದು ಹೊರಟರು. ಹೊರಗೆ ಹಿಮ ಬೀಳುತ್ತಿತ್ತು. ನಾನು ಬಸ್ ಸ್ಟಾಪಿಗೆ ಹೋಗುವಷ್ಟರಲ್ಲಿ ಅವರು ಶಿಫ್ಟಿಗೆ ಹೋಗುವ ಬಸ್ಸು ಹತ್ತಿಯಾಗಿತ್ತು.

ಸಂಜೆ ಹುಡುಗ ಪಾಠಕ್ಕೆ ಬರಲಿಲ್ಲ. ಮರುದಿನವೂ ಇಲ್ಲ. ಮೂರನೆಯ ದಿನ ಬಾಗಿಲು ಬಡಿದ ಸದ್ದಾಯಿತು. ಅವನೇ. ಕೈಯಲ್ಲಿ ಹೋದ ಭಾನುವಾರದ ನನ್ನ ಸ್ಟೀಲ್ ಡಬ್ಬಿ. ಒಳಗೆ ಬಾ ಎಂದೆ. ಬರಲಿಲ್ಲ. ನನ್ನ ಹಿಂದೆ ಟೇಬಲಿನ ಮುಂದೆ ಮಗ ಕೂತಿದ್ದ.

"ಆಂಟಿ, ಆ ದಿನ ನೀವು ಎರಡು ಹಾಳೆ ಬರೆದಿರಿ. ನಾನು ನೋಡಿದ್ದೆ" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಲೆಕ್ಕದಲ್ಲಿ ಒಂದು ಮೆಟ್ಟಿಲು ತಪ್ಪಿದಾಗ ಹೇಗೆ ಕೇಳುತ್ತಿದ್ದನೋ ಹಾಗೇ ಕೇಳಿದ. "ಇನ್ನೊಂದು ಎಲ್ಲಿ?"

"ಹರಿದುಹಾಕಿದರು."

"ಯಾರು?"

"ಆಗಿನ ವೈಸ್ ಪ್ರಿನ್ಸಿಪಾಲರು."

"ನೀವು ಅಲ್ಲಿದ್ದಿರಾ?"

"ಇದ್ದೆ" ಎಂದೆ.

ಅವನು ತಲೆ ಆಡಿಸಿದ. ಇಷ್ಟು ವರ್ಷ ತಪ್ಪು ಲೆಕ್ಕ ಹಿಡಿದು ಕೂತಿದ್ದವನಿಗೆ ಉತ್ತರ ಸರಿಹೋದಂತೆ. ಡಬ್ಬಿ ನನ್ನ ಕೈಗೆ ಕೊಟ್ಟು ಎದುರು ಬಾಗಿಲೊಳಗೆ ಹೋಗಿ ಮುಚ್ಚಿಕೊಂಡ. ಡಬ್ಬಿ ಹಗುರಾಗಿತ್ತು. ಮುಚ್ಚಳ ತೆಗೆದು ನೋಡಿದೆ. ಚೆನ್ನಾಗಿ ತೊಳೆದು ಒರೆಸಿದ್ದರು. ಒಳಗೆ ಏನೂ ಇರಲಿಲ್ಲ, ಒಂದು ಚಿಟಿಕೆ ಸಕ್ಕರೆಯೂ. ಆ ಬೇಸಿಗೆಯಲ್ಲಿ ಅವರು ಮನೆ ಖಾಲಿ ಮಾಡಿಕೊಂಡು ಹೋದರು. ಎಲ್ಲಿಗೆಂದು ನಮಗೆ ಹೇಳಲಿಲ್ಲ.

ಆ ಸಂಜೆ ನಾನು ಡಬ್ಬಿ ಹಿಡಿದು ನಿಂತಿದ್ದಾಗ ಮಗ ಹಿಂದಿನಿಂದ ಕೇಳಿದ್ದ. "ಅಮ್ಮಾ, ಚೇರ್ ನಾನ ದೂಡಿದ್ದು, ರೈಟ್? ಐ ರಿಮೆಂಬರ್."

ಅದು ನನಗೆ ಸಿಕ್ಕ ಕೊನೆಯ ಅವಕಾಶ. ಪತ್ರ ಇನ್ನೂ ಹೋಗಿರಲಿಲ್ಲ. ಮಗನ ಕೈ ಹಿಡಿದು ಮರುದಿನ ಬೆಳಿಗ್ಗೆ ಆಫೀಸಿಗೆ ಹೋಗಬಹುದಿತ್ತು.

"ಹಳೇ ಮಾತು ಈಗ್ಯಾಕ? ಆರ್‍ತೈತಿ, ಊಟಕ್ಕ ಏಳು" ಎಂದೆ.

ಅವನು ಎದ್ದು ಕೈ ತೊಳೆದುಕೊಂಡು ಬಂದು ತಾಟಿನ ಮುಂದೆ ಕೂತ. ಉಂಡ. ಇನ್ನೊಂದು ಚಪಾತಿ ಬೇಕೆಂದ. ಹಾಕಿದೆ.